ನೆರೆರಾಜ್ಯದ ಚಾಲಕ: ಅಮೆರಿಕದ ಹೆದ್ದಾರಿಗಳಲ್ಲಿ ಪ್ರಾಂತೀಯ ಪೂರ್ವಗ್ರಹ

೧

ನೆರೆಯವರನ್ನು ಕುರಿತು ಜನರು ಆಡಿಕೊಳ್ಳುವ ಮಾತುಗಳನ್ನು ಚರಿತ್ರಕಾರನು ಆಧಾರವೆಂದು ಪರಿಗಣಿಸಬಹುದೆ? ಪರಿಗಣಿಸುವುದಾದರೆ ಅವು ಯಾವುದಕ್ಕೆ ಆಧಾರ? ಹಳೆಯ ಪ್ರವಾಸಕಥನಗಳು, ಗಾದೆಗಳು, ಲಾವಣಿಗಳು ಇವುಗಳ ಸಂಬಂಧದಲ್ಲಿ ಈ ಪ್ರಶ್ನೆಯನ್ನು ಎತ್ತುವುದು ವಾಡಿಕೆ. ಪ್ರಕೃತ ಲೇಖನದಲ್ಲಿ ಅದನ್ನು ನಮ್ಮ ಕಾಲಕ್ಕೆ ಸೇರಿದ, ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರುವ ಒಂದು ವಿಷಯದ ಮೂಲಕ ವಿಚಾರಮಾಡಲು ಉದ್ದೇಶಿಸಿದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ರಾಜ್ಯದ ಜನರು ನೆರೆರಾಜ್ಯದ ಮೋಟಾರು ಚಾಲಕರ ವಿಷಯದಲ್ಲಿ ತಳೆದಿರುವ ಅಭಿಪ್ರಾಯಗಳೇ ಆ ವಿಷಯ.

ಈ ಅಭಿಪ್ರಾಯಗಳು ಅಲ್ಲಿ ಎಷ್ಟು ಬಲವಾಗಿ ಬೇರೂರಿವೆಯೆಂಬುದಕ್ಕೆ ಕೆಲವು ನಿದರ್ಶನಗಳು ಸಾಕು. ಮ್ಯಾಸಚೂಸೆಟ್ಸ್ ರಾಜ್ಯದ ಚಾಲಕರನ್ನು ಸುತ್ತಲಿನ ನ್ಯೂ ಇಂಗ್ಲೆಂಡ್ ರಾಜ್ಯಗಳವರು ಕರೆಯುವ ಹೆಸರು ‘ಮ್ಯಾಸ್‌ಹೋಲ್’; ರಾಜ್ಯದ ಹೆಸರಿನ ಮೊದಲ ಭಾಗಕ್ಕೆ ಅಶ್ಲೀಲವಾದ ಬೈಗುಳವೊಂದನ್ನು ಹೊಲಿದು ಮಾಡಿದ ಈ ಪದಕ್ಕೆ ೨೦೧೫ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿಯೂ ಸ್ಥಾನ ದೊರಕಿತು. ಬೆಟ್ಟಗುಡ್ಡಗಳ ನಾಡಾದ ವರ್ಮಾಂಟಿನಲ್ಲಿ ಹೊರಗಿನಿಂದ ಬಂದವನು ‘ಫ್ಲ್ಯಾಟ್‌ಲ್ಯಾಂಡರ್’, ಎಂದರೆ ಬಯಲುಸೀಮೆಯವನು. ವಿಸ್ಕಾನ್ಸಿನ್ನಿನವರಿಗೆ ಇಲಿನಾಯ್ ರಾಜ್ಯದ ಚಾಲಕನು ಸೊಕ್ಕಿನಿಂದ ನುಗ್ಗುವವನು. ಇಲಿನಾಯಿನವರಿಗೆ ವಿಸ್ಕಾನ್ಸಿನ್ನಿನ ಚಾಲಕನು ದಾರಿಗಡ್ಡವಾಗಿ ನಿಧಾನವಾಗಿ ಸಾಗುವವನು. ವರ್ಜೀನಿಯಕ್ಕೂ ಮೇರಿಲೆಂಡಿಗೂ, ಒಹಾಯೋವಿಗೂ ಮಿಷಿಗನ್ನಿಗೂ, ಒರೆಗಾನಿಗೂ ಕ್ಯಾಲಿಫೋರ್ನಿಯಕ್ಕೂ ನಡುವೆ ಇಂತಹುದೇ ಮಾತುಗಳು ಓಡಾಡುತ್ತವೆ.

ಈ ಮಾತುಗಳಲ್ಲಿ ಸತ್ಯಾಂಶವೆಷ್ಟು, ಆ ಸತ್ಯಾಂಶಕ್ಕೆ ಕಾರಣವಾವುದು, ಉಳಿದದ್ದು ಎಲ್ಲಿಂದ ಹುಟ್ಟಿತು, ಮತ್ತು ಇವು ಬರಿಯ ವಿನೋದವಾಗಿ ಉಳಿಯದೆ ಅಧಿಕಾರದ ಕೈ ಸೇರಿದಾಗ ಏನಾಯಿತು, ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

೨

ಮೊದಲು ಒಂದು ಸರಳವಾದ ಸಂಗತಿಯನ್ನು ಗಮನಿಸಬೇಕು. ಹೆದ್ದಾರಿಯಲ್ಲಿ ಎದುರಾದ ಚಾಲಕನ ಮುಖ ನಮಗೆ ಸರಿಯಾಗಿ ಕಾಣುವುದಿಲ್ಲ. ಅವನ ಮಾತು ಕೇಳುವುದಿಲ್ಲ. ಅವನ ವೃತ್ತಿ, ವಯಸ್ಸು, ಅವಸರದ ಕಾರಣ ಒಂದೂ ತಿಳಿಯುವುದಿಲ್ಲ. ತಿಳಿಯುವುದು ಒಂದೇ: ವಾಹನದ ಸಂಖ್ಯಾಫಲಕದ ಮೇಲೆ ಬರೆದ ರಾಜ್ಯದ ಹೆಸರು. ಆದುದರಿಂದ ಈ ಪೂರ್ವಗ್ರಹದ ಚರಿತ್ರೆಯು ಸಂಖ್ಯಾಫಲಕದ ಚರಿತ್ರೆಯಿಂದ ಆರಂಭವಾಗುತ್ತದೆ.

೧೯೦೧ರಲ್ಲಿ ನ್ಯೂಯಾರ್ಕ್ ರಾಜ್ಯವು ಮೋಟಾರು ವಾಹನಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆಗ ಮಾಲೀಕನು ತನ್ನ ಹೆಸರಿನ ಮೊದಲಕ್ಷರಗಳನ್ನು ತಾನೇ ಬರೆಸಿ ತಗುಲಿಸಬೇಕಾಗಿದ್ದಿತು. ರಾಜ್ಯಸರ್ಕಾರವೇ ಫಲಕವನ್ನು ಮಾಡಿಸಿ ಕೊಡುವ ಪದ್ಧತಿಯು ೧೯೦೩ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಮೊದಲಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ ರಾಜ್ಯಗಳು ಚಾಲಕನಿಗೆ ಅನುಮತಿಪತ್ರವಿರಬೇಕೆಂದು ವಿಧಿಸಿದವು. ಎಲ್ಲ ರಾಜ್ಯಗಳೂ ಒಟ್ಟಿಗೆ ಈ ಹಾದಿಯನ್ನು ಹಿಡಿಯಲಿಲ್ಲ. ದಕ್ಷಿಣ ಡಕೋಟವು ಅನುಮತಿಪತ್ರವನ್ನು ಕಡ್ಡಾಯಮಾಡಿದ್ದು ೧೯೫೪ರಲ್ಲಿ, ಚಾಲನ ಪರೀಕ್ಷೆಯನ್ನು ವಿಧಿಸಿದ್ದು ೧೯೫೯ರಲ್ಲಿ. ಅಲ್ಲಿಯವರೆಗೆ ಪರೀಕ್ಷೆಗೆ ಒಳಗಾಗಿ ಬಂದ ಚಾಲಕನೂ ಒಳಗಾಗದೆ ಬಂದ ಚಾಲಕನೂ ಒಂದೇ ರಸ್ತೆಯಲ್ಲಿ ಸಂಧಿಸುತ್ತಿದ್ದರು.

ನಮ್ಮ ದೇಶದ ವಾಚಕರಿಗೆ ಇಲ್ಲಿ ಒಂದು ವಿವರಣೆ ಅಗತ್ಯ. ಭಾರತದಲ್ಲಿ ೧೯೩೯ರ ಕಾಯಿದೆಯಿರಲಿ, ಅದರ ಸ್ಥಾನದಲ್ಲಿ ಬಂದ ೧೯೮೮ರ ಮೋಟಾರು ವಾಹನಗಳ ಕಾಯಿದೆಯಿರಲಿ, ದೇಶಕ್ಕೆಲ್ಲ ಒಂದೇ ಚೌಕಟ್ಟನ್ನು ಒದಗಿಸಿವೆ. ಕರ್ಣಾಟಕದಲ್ಲಿ ಪಡೆದ ಅನುಮತಿಪತ್ರಕ್ಕೂ ತಮಿಳುನಾಡಿನಲ್ಲಿ ಪಡೆದುದಕ್ಕೂ ಮೂಲ ಶಾಸನ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸಂವಿಧಾನದಂತೆ ಕೇಂದ್ರಕ್ಕೆ ವಹಿಸದೆ ಉಳಿದ ಅಧಿಕಾರಗಳು ರಾಜ್ಯಗಳವು; ರಸ್ತೆಯ ಶಿಸ್ತು ಅಂತಹ ಅಧಿಕಾರಗಳಲ್ಲಿ ಒಂದು. ಪರರಾಜ್ಯದ ಚಾಲಕನು ತನ್ನ ರಾಜ್ಯದಲ್ಲಿ ನೋಂದಾಯಿಸಿಕೊಂಡಿದ್ದರೆ ಸಾಲದೆ ಎಂಬ ಪ್ರಶ್ನೆ ಮೊದಲಿನಲ್ಲಿಯೇ ಎದ್ದಿತು. ಮೇರಿಲೆಂಡ್ ರಾಜ್ಯವು ಪಕ್ಕದ ವಾಷಿಂಗ್ಟನ್ನಿನ ಒಬ್ಬ ಚಾಲಕನಿಗೆ ದಂಡ ವಿಧಿಸಿದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ೧೯೧೫ರಲ್ಲಿ, ಹೊರಗಿನ ಚಾಲಕನಿಂದಲೂ ನೋಂದಣಿಯನ್ನೂ ಶುಲ್ಕವನ್ನೂ ಅಪೇಕ್ಷಿಸುವ ಅಧಿಕಾರ ರಾಜ್ಯಕ್ಕಿದೆಯೆಂದು ತೀರ್ಪಾಯಿತು. ೧೯೨೭ರಲ್ಲಿ ಪೆನ್ಸಿಲ್ವೇನಿಯದ ಚಾಲಕನೊಬ್ಬನು ಮ್ಯಾಸಚೂಸೆಟ್ಸಿನಲ್ಲಿ ಮಾಡಿದ ಅಪಘಾತದ ಮೊಕದ್ದಮೆಯಲ್ಲಿ, ಒಂದು ರಾಜ್ಯದ ರಸ್ತೆಯನ್ನು ಬಳಸಿದವನು ಆ ರಸ್ತೆಯಲ್ಲಿ ನಡೆದ ಅಪಘಾತದ ಮಟ್ಟಿಗೆ ಆ ರಾಜ್ಯದ ನ್ಯಾಯಾಲಯಕ್ಕೆ ಒಳಪಟ್ಟವನೆಂದು ಅದೇ ನ್ಯಾಯಾಲಯ ಹೇಳಿತು. ಹೀಗೆ ‘ಹೊರಗಿನ ಚಾಲಕ’ ಎಂಬ ವ್ಯಕ್ತಿಯು ಜನರ ಬಾಯಲ್ಲಿ ಮಾತ್ರವಲ್ಲದೆ ಕಾನೂನಿನ ಪುಸ್ತಕದಲ್ಲಿಯೂ ಪ್ರತ್ಯೇಕನಾದನು.

ರಾಜ್ಯಗಳು ತಾವಾಗಿಯೇ ಫಲಕಕ್ಕೆ ಒಂದು ಶೀಲವನ್ನು ಅಂಟಿಸಲು ತೊಡಗಿದುದೂ ಗಮನಾರ್ಹವಾಗಿದೆ. ಐಡಾಹೋ ರಾಜ್ಯವು ೧೯೨೮ರಲ್ಲಿ ಆಲೂಗೆಡ್ಡೆಯ ಚಿತ್ರವಿದ್ದ ಫಲಕವನ್ನು ಹೊರಡಿಸಿತು. ವಿಸ್ಕಾನ್ಸಿನ್ ೧೯೪೦ರಿಂದ ತನ್ನನ್ನು ಅಮೆರಿಕದ ಹೈನುನಾಡೆಂದು ಫಲಕದ ಮೇಲೆ ಸಾರಿಕೊಂಡಿತು. ನ್ಯೂ ಹ್ಯಾಂಪ್‌ಷೈರ್ ೧೯೭೧ರಲ್ಲಿ ‘ಸ್ವತಂತ್ರನಾಗಿ ಬಾಳು, ಇಲ್ಲವೆ ಮಡಿ’ ಎಂಬ ಅರ್ಥದ ತನ್ನ ಧ್ಯೇಯವಾಕ್ಯವನ್ನು ಅಚ್ಚೊತ್ತಿಸಿತು. ಜಾರ್ಜ್ ಮೇನಾರ್ಡ್ ಎಂಬಾತನು ಅದು ತನ್ನ ಧಾರ್ಮಿಕ ನಂಬಿಕೆಗೆ ವಿರುದ್ಧವೆಂದು ಆ ವಾಕ್ಯವನ್ನು ಮುಚ್ಚಿ, ದಂಡ ತೆರಲೊಪ್ಪದೆ ಸೆರೆಮನೆಗೆ ಹೋದನು. ೧೯೭೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಜೆಯೊಬ್ಬನನ್ನು ರಾಜ್ಯದ ಘೋಷಣೆಯನ್ನು ಹೊತ್ತು ತಿರುಗುವಂತೆ ಬಲಾತ್ಕರಿಸಲಾಗದೆಂದು ತೀರ್ಪಿತ್ತಿತು. ಫಲಕದ ಮಾತು ಚಾಲಕನ ಮಾತಲ್ಲವೆಂಬ ಈ ವಿವೇಕವು ನಮ್ಮ ವಿಷಯಕ್ಕೆಲ್ಲ ಅನ್ವಯಿಸುತ್ತದೆ.

೩

ರಾಜ್ಯರಾಜ್ಯಗಳ ನಡುವೆ ಚಾಲನೆಯ ಅಭ್ಯಾಸದಲ್ಲಿ ಭೇದವೇ ಇಲ್ಲವೆಂದು ಹೇಳುವುದು ಸರಿಯಲ್ಲ. ಭೇದವುಂಟು. ಆದರೆ ಅದರ ಬಹುಭಾಗವು ಶಾಸನದಿಂದ ಹುಟ್ಟಿದುದು.

ಕೆಂಪು ದೀಪವಿರುವಾಗ ವಾಹನವನ್ನು ನಿಲ್ಲಿಸಿ, ದಾರಿ ತೆರವಿದ್ದರೆ ಬಲಕ್ಕೆ ತಿರುಗಬಹುದೆಂಬ ನಿಯಮವನ್ನು ನೋಡಬಹುದು. (ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಸಾಗುವುದರಿಂದ ಇದು ನಮ್ಮಲ್ಲಿಯ ಎಡತಿರುವಿಗೆ ಸಮ.) ಕ್ಯಾಲಿಫೋರ್ನಿಯದಲ್ಲಿ ಇದು ೧೯೪೦ರ ದಶಕದಿಂದಲೂ ನ್ಯಾಯಸಮ್ಮತ. ಪೂರ್ವದ ರಾಜ್ಯಗಳಲ್ಲಿ ಅನೇಕವು ಇದನ್ನು ಬಹುಕಾಲ ಅಪರಾಧವೆಂದೇ ಗಣಿಸಿದ್ದವು. ತೈಲದ ಅಭಾವದ ಕಾಲದಲ್ಲಿ, ೧೯೭೫ರ ಕೇಂದ್ರಶಾಸನವೊಂದು ಇಂಧನ ಉಳಿತಾಯದ ನೆರವುಧನವನ್ನು ಪಡೆಯಬೇಕಾದರೆ ಈ ತಿರುವಿಗೆ ಅವಕಾಶ ಕೊಡಬೇಕೆಂದು ವಿಧಿಸಿದ ಮೇಲೆ ಉಳಿದ ರಾಜ್ಯಗಳು ಒಂದೊಂದಾಗಿ ಒಪ್ಪಿದವು. ಎಲ್ಲಕ್ಕಿಂತ ಕಡೆಯಲ್ಲಿ, ೧೯೮೦ರ ಜನವರಿ ೧ರಿಂದ, ಒಪ್ಪಿದುದು ಮ್ಯಾಸಚೂಸೆಟ್ಸ್. ಅದಕ್ಕೆ ಮೊದಲು ಪಶ್ಚಿಮದಿಂದ ಬಾಸ್ಟನ್ನಿಗೆ ಬಂದ ಚಾಲಕನು ತನ್ನೂರಿನ ನ್ಯಾಯಬದ್ಧವಾದ ಅಭ್ಯಾಸದಂತೆ ತಿರುಗಿದರೆ ಅಲ್ಲಿನವರ ಕಣ್ಣಿಗೆ ಪುಂಡನಾಗಿ ಕಂಡಿರಬೇಕು. ಬಾಸ್ಟನ್ನಿನವನು ಪಶ್ಚಿಮದಲ್ಲಿ ದೀಪ ಬದಲಾಗುವವರೆಗೆ ನಿಂತರೆ ಹಿಂದಿನವರ ಕಣ್ಣಿಗೆ ಮಂದಮತಿಯಾಗಿ ಕಂಡಿರಬೇಕು. ಇಬ್ಬರೂ ತಮ್ಮ ತಮ್ಮ ಶಾಸನವನ್ನು ಪಾಲಿಸುತ್ತಿದ್ದವರೇ.

ವೇಗದ ವಿಷಯವೂ ಹೀಗೆಯೇ. ೧೯೭೪ರಲ್ಲಿ ದೇಶಕ್ಕೆಲ್ಲ ಗಂಟೆಗೆ ೫೫ ಮೈಲಿಗಳ ಮಿತಿಯನ್ನು ಕೇಂದ್ರವು ವಿಧಿಸಿತು. ವಿಶಾಲವಾದ ಮೊಂಟಾನ ರಾಜ್ಯಕ್ಕೆ ಇದು ಹಿಡಿಸಲಿಲ್ಲ. ಅಲ್ಲಿ ಹಗಲಿನಲ್ಲಿ ಈ ಮಿತಿಯನ್ನು ಮೀರಿದವನಿಗೆ ಇಂಧನವನ್ನು ಪೋಲುಮಾಡಿದ ತಪ್ಪಿಗೆಂದು ಕೇವಲ ೫ ಡಾಲರುಗಳ ದಂಡವಿದ್ದಿತು. ೧೯೯೫ರಲ್ಲಿ ಕೇಂದ್ರದ ಮಿತಿ ರದ್ದಾದ ಮೇಲೆ ಮೊಂಟಾನವು ಹಗಲಿನ ವೇಳೆಗೆ ಅಂಕಿಯ ಮಿತಿಯನ್ನೇ ಬಿಟ್ಟು ‘ಯುಕ್ತವೂ ವಿವೇಕಯುತವೂ ಆದ ವೇಗ’ ಎಂಬ ಹಳೆಯ ಸೂತ್ರಕ್ಕೆ ಹಿಂದಿರುಗಿತು. ಈ ಸೂತ್ರ ಅತಿ ಅಸ್ಪಷ್ಟವೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ತಳ್ಳಿಹಾಕಲು, ೧೯೯೯ರಲ್ಲಿ ಮತ್ತೆ ಅಂಕಿ ಬಂದಿತು. ಇಂದು ಒರೆಗಾನಿನ ಹೆದ್ದಾರಿಗಳಲ್ಲಿ ಗರಿಷ್ಠ ಮಿತಿ ೭೦ ಮೈಲಿ. ಪಕ್ಕದ ಐಡಾಹೋದಲ್ಲಿ ೮೦. ಟೆಕ್ಸಾಸಿನ ಒಂದು ರಸ್ತೆಯಲ್ಲಿ ೨೦೧೨ರಿಂದ ೮೫. ವರ್ಜೀನಿಯದಲ್ಲಿಯಾದರೋ ೮೫ ಮೈಲಿಯನ್ನು ದಾಟಿದರೆ ಅದು ಬರಿಯ ವೇಗದ ತಪ್ಪಲ್ಲ, ಸೆರೆವಾಸಕ್ಕೂ ಎಡೆಯಿರುವ ಅಪರಾಧ. ವೇಗಮಾಪಕ ರಾಡಾರನ್ನು ಪತ್ತೆಹಚ್ಚುವ ಯಂತ್ರವನ್ನು ಕಾರಿನಲ್ಲಿ ಬಳಸುವುದೂ ಅಲ್ಲಿ ನಿಷಿದ್ಧ. ಮೇರಿಲೆಂಡಿನಲ್ಲಿ ಆ ಯಂತ್ರಕ್ಕೆ ಅಂತಹ ನಿಷೇಧವಿಲ್ಲ. ಹೀಗಿರಲು, ಪೊಟೊಮ್ಯಾಕ್ ನದಿಯ ಒಂದು ದಡದವರು ಇನ್ನೊಂದು ದಡದವರನ್ನು ಅವಿವೇಕಿಗಳೆಂದು ಬಗೆಯುವುದರಲ್ಲಿ ಆಶ್ಚರ್ಯವಿಲ್ಲ.

ಪೆಟ್ರೋಲನ್ನು ತುಂಬುವ ಕ್ರಿಯೆಯಲ್ಲಿಯೂ ಭೇದವಿದೆ. ಗಿರಾಕಿಯು ತಾನೇ ಪೆಟ್ರೋಲು ತುಂಬಿಕೊಳ್ಳುವುದನ್ನು ನ್ಯೂ ಜೆರ್ಸಿ ೧೯೪೯ರಲ್ಲಿ, ಒರೆಗಾನ್ ೧೯೫೧ರಲ್ಲಿ ನಿಷೇಧಿಸಿದವು. ಒರೆಗಾನ್ ೨೦೨೩ರಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. ನ್ಯೂ ಜೆರ್ಸಿಯಲ್ಲಿ ಅದು ಇನ್ನೂ ಉಳಿದಿದೆ. ತನ್ನ ಕಾರಿಗೆ ಪೆಟ್ರೋಲು ತುಂಬಲೂ ಬಾರದವನೆಂದು ನ್ಯೂ ಜೆರ್ಸಿಯವನನ್ನು ನೆರೆಯವರು ಹಾಸ್ಯಮಾಡುವುದುಂಟು. ಎಪ್ಪತ್ತು ವರ್ಷಗಳಿಗೂ ಮೀರಿ ರಾಜ್ಯವೇ ಬೇಡವೆಂದು ತಡೆದಿರುವ ಕೆಲಸವನ್ನು ಅವನು ಕಲಿಯುವ ಸಂದರ್ಭವಾದರೂ ಎಲ್ಲಿ?

ಈ ವೈವಿಧ್ಯವನ್ನು ಕಡಮೆಮಾಡುವ ಪ್ರಯತ್ನಗಳು ನಡೆಯದೆ ಇಲ್ಲ. ಅಂದು ವಾಣಿಜ್ಯ ಸಚಿವನಾಗಿದ್ದ ಹರ್ಬರ್ಟ್ ಹೂವರ್ ೧೯೨೪ರಲ್ಲಿ ಕರೆದ ರಸ್ತೆ ಸುರಕ್ಷತಾ ಸಮ್ಮೇಳನದ ಫಲವಾಗಿ ೧೯೨೬ರಲ್ಲಿ ಏಕರೂಪದ ವಾಹನಸಂಹಿತೆಯ ಮಾದರಿಯೊಂದು ಸಿದ್ಧವಾಯಿತು. ೧೯೩೫ರಲ್ಲಿ ರಸ್ತೆಯ ಫಲಕಗಳಿಗೂ ಗುರುತುಗಳಿಗೂ ಸಾಮಾನ್ಯ ಕೈಪಿಡಿ ಹೊರಬಂದಿತು. ಆದರೆ ಸಂಹಿತೆಯು ಮಾದರಿ ಮಾತ್ರ. ಅದನ್ನು ಎಷ್ಟರಮಟ್ಟಿಗೆ ಸ್ವೀಕರಿಸಬೇಕೆಂಬುದು ಆಯಾ ರಾಜ್ಯದ ಇಚ್ಛೆ.

೪

ಶಾಸನದ ಅನಂತರ ನೆಲ, ಹವೆ ಮತ್ತು ಪ್ರಯಾಣದ ಉದ್ದೇಶ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೧೬೩೦ರಲ್ಲಿ ಸ್ಥಾಪಿತವಾದ ಬಾಸ್ಟನ್ ನಗರದ ಹಳೆಯ ಬೀದಿಗಳು ಮೋಟಾರಿಗಾಗಿ ಹಾಕಿದವಲ್ಲ. ಕಿರಿದಾದ, ಡೊಂಕಾದ ದಾರಿಗಳಲ್ಲಿಯೂ, ನಾಲ್ಕಾರು ಕಡೆಗಳಿಂದ ವಾಹನಗಳು ಬಂದು ಸೇರುವ ವೃತ್ತಗಳಲ್ಲಿಯೂ, ಸಿಕ್ಕ ಎಡೆಯಲ್ಲಿ ಒಡನೆಯೇ ನುಗ್ಗದವನು ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ. ಆ ಅಭ್ಯಾಸವನ್ನು ಹೊತ್ತು ವರ್ಮಾಂಟಿನ ನಿಶ್ಶಬ್ದವಾದ ಹಳ್ಳಿದಾರಿಗೆ ಬಂದಾಗ ಅದು ಒರಟುತನವಾಗಿ ಕಾಣುತ್ತದೆ. ನ್ಯೂ ಜೆರ್ಸಿಯ ಅನೇಕ ಹೆದ್ದಾರಿಗಳಲ್ಲಿ ಎಡಕ್ಕೆ ತಿರುಗಬೇಕಾದವನು ಮೊದಲು ಬಲಕ್ಕೆ ಕವಲೊಡೆದು, ಹೂಜಿಯ ಹಿಡಿಯಂತೆ ಬಾಗಿದ ದಾರಿಯಲ್ಲಿ ಸುತ್ತಿ ಬರಬೇಕು. ಇದನ್ನರಿಯದ ಪರರಾಜ್ಯದವನು ಎಡ ಪಂಕ್ತಿಯಲ್ಲಿಯೇ ಸಾಗಿ, ತಿರುವು ತಪ್ಪಿಹೋಗುತ್ತಿರುವುದನ್ನು ಕಂಡು ಕೊನೆಯ ಗಳಿಗೆಯಲ್ಲಿ ಬಲಕ್ಕೆ ಎಳೆದರೆ, ಸ್ಥಳೀಯನು ಅವನ ಫಲಕವನ್ನು ನೋಡಿ ಅವನ ರಾಜ್ಯವನ್ನೇ ಬೈಯುತ್ತಾನೆ.

ಹವೆಯ ಪ್ರಭಾವಕ್ಕೆ ೨೦೧೪ರ ಜನವರಿ ೨೮ರ ಅಟ್ಲಾಂಟ ಪ್ರಸಂಗವು ಸ್ಪಷ್ಟವಾದ ನಿದರ್ಶನ. ಜಾರ್ಜಿಯ ರಾಜ್ಯದ ಆ ಮಹಾನಗರದಲ್ಲಿ ಅಂದು ಎರಡು ಮೂರು ಅಂಗುಲದಷ್ಟು ಹಿಮ ಬಿದ್ದು, ಸಾವಿರಾರು ಜನರು ಇಡೀ ರಾತ್ರಿ ಹೆದ್ದಾರಿಗಳಲ್ಲಿ ಸಿಕ್ಕಿಬಿದ್ದರು. ದಕ್ಷಿಣದವರಿಗೆ ಹಿಮದಲ್ಲಿ ವಾಹನ ನಡೆಸಲು ಬಾರದೆಂದು ಉತ್ತರದ ರಾಜ್ಯಗಳವರು ನಕ್ಕರು. ವಸ್ತುಸ್ಥಿತಿಯೇನೆಂದರೆ, ಶಾಲೆಗಳೂ ಕಚೇರಿಗಳೂ ಹೆಚ್ಚು ಕಡಮೆ ಒಂದೇ ವೇಳೆಗೆ ಬಿಟ್ಟುದರಿಂದ ನಗರದ ವಾಹನಗಳೆಲ್ಲ ಒಟ್ಟಿಗೆ ರಸ್ತೆಗಿಳಿದವು. ಉಪ್ಪನ್ನು ಎರಚುವ ಗಾಡಿಗಳು ಆ ಸಂದಣಿಯೊಳಗೆ ನುಸುಳಲಾರದೆ ಹೋದವು. ಹಿಮವು ತುಳಿತಕ್ಕೆ ಮಂಜುಗಡ್ಡೆಯಾಯಿತು. ಉತ್ತರದ ನಗರಗಳು ವರ್ಷವರ್ಷವೂ ಹಣವೆಚ್ಚಮಾಡಿ ಇಟ್ಟುಕೊಂಡಿರುವ ಸಲಕರಣೆಯನ್ನು, ಹಿಮ ಅಪರೂಪವಾದ ನಗರವು ಇಟ್ಟುಕೊಂಡಿರಲಿಲ್ಲ. ಗಡ್ಡೆಕಟ್ಟಿದ ರಸ್ತೆಯಲ್ಲಿ ಯಾವ ರಾಜ್ಯದವನ ಕೌಶಲವೂ ಹೆಚ್ಚು ದೂರ ಸಾಗದು.

ಇನ್ನು ಗಡಿ ದಾಟುವವರು ಯಾರು ಎಂಬ ಪ್ರಶ್ನೆ. ೧೯೫೬ರ ಹೆದ್ದಾರಿ ಕಾಯಿದೆಯು ೪೧,೦೦೦ ಮೈಲಿಗಳ ಅಂತರರಾಜ್ಯ ಮಾರ್ಗಜಾಲಕ್ಕೆ ವೆಚ್ಚದ ನೂರಕ್ಕೆ ೯೦ ಭಾಗವನ್ನು ಕೇಂದ್ರದಿಂದ ಒದಗಿಸಿದ ಮೇಲೆ ವಾರಾಂತ್ಯದ ವಿಹಾರವು ಸುಲಭವಾಯಿತು. ಷಿಕಾಗೋ ನಗರದಿಂದ ವಿಸ್ಕಾನ್ಸಿನ್ನಿನ ಸರೋವರಗಳಿಗೂ ಡೋರ್ ಕೌಂಟಿಯ ತೀರಕ್ಕೂ ಶುಕ್ರವಾರ ಸಂಜೆ ಹೊರಡುವವರು ಇಲಿನಾಯಿನ ಜನತೆಯ ಯಥಾರ್ಥ ಪ್ರತಿನಿಧಿಗಳಲ್ಲ. ಅವರು ಮಹಾನಗರದವರು, ವಾರದ ಕೆಲಸದಿಂದ ದಣಿದವರು, ರಜೆಯ ಗಂಟೆಗಳನ್ನು ಎಣಿಸುವವರು, ದಾರಿ ಅರಿಯದವರು. ದಕ್ಷಿಣ ಇಲಿನಾಯಿನ ಜೋಳದ ಹೊಲಗಳ ನಡುವೆ ನಿಧಾನವಾಗಿ ಸಾಗುವ ರೈತನು ವಿಸ್ಕಾನ್ಸಿನ್ನಿಗೆ ಬರುವುದು ಅಪರೂಪ. ಆದರೆ ಇಬ್ಬರ ವಾಹನಕ್ಕೂ ಫಲಕ ಒಂದೇ. ಇದಲ್ಲದೆ ಇಲಿನಾಯಿನ ಹೆದ್ದಾರಿಗಳಲ್ಲಿ ಸುಂಕವುಂಟು, ವಿಸ್ಕಾನ್ಸಿನ್ನಿನಲ್ಲಿ ಇಲ್ಲ. ತಾವು ಅಲ್ಲಿ ಹಣ ತೆರಬೇಕು, ಅವರು ಇಲ್ಲಿ ಪುಕ್ಕಟೆಯಾಗಿ ಓಡಾಡುತ್ತಾರೆಂಬ ಅಸಮಾಧಾನವೂ ಚಾಲಕನ ಶೀಲದ ಮೇಲಣ ತೀರ್ಪಿಗೆ ಬಂದು ಸೇರುತ್ತದೆ.

೫

ಹಳೆಯ ಜಗಳಗಳೂ ಈ ಹೊಸ ಪಾತ್ರೆಗೆ ಹರಿದುಬಂದಿವೆ. ೧೮೩೫–೩೬ರಲ್ಲಿ ಟಲೀಡೊ ಪಟ್ಟಣವಿದ್ದ ಕಿರಿಯ ಪ್ರದೇಶವೊಂದರ ಸಲುವಾಗಿ ಒಹಾಯೋವೂ ಮಿಷಿಗನ್ನೂ ಸೈನ್ಯ ಕೂಡಿಸುವವರೆಗೆ ಹೋದವು. ರಕ್ತಪಾತ ಹೆಚ್ಚು ನಡೆಯಲಿಲ್ಲ. ಮಿಷಿಗನ್ನಿನ ಅಧಿಕಾರಿಯೊಬ್ಬನಿಗೆ ಚಾಕುವಿನ ಗಾಯವಾದುದೇ ದೊಡ್ಡ ಸಂಗತಿ. ಪ್ರದೇಶವು ಒಹಾಯೋವಿಗೆ ಸಂದಿತು. ಮಿಷಿಗನ್ ಅದಕ್ಕೆ ಪ್ರತಿಯಾಗಿ ಉತ್ತರದ ಪರ್ಯಾಯದ್ವೀಪದ ಬಹುಭಾಗವನ್ನು ಪಡೆದು ೧೮೩೭ರಲ್ಲಿ ರಾಜ್ಯವಾಯಿತು. ಅಂದಿನ ಕಲಹ ಇಂದು ಬಹುಮಟ್ಟಿಗೆ ಕಾಲ್ಚೆಂಡಿನ ಮೈದಾನದಲ್ಲಿಯೂ ಹೆದ್ದಾರಿಯಲ್ಲಿಯೂ ಉಳಿದುಕೊಂಡಿದೆ.

ಒರೆಗಾನಿನ ಸಂಗತಿ ಹೆಚ್ಚು ಗಂಭೀರವಾದದ್ದು. ೧೯೭೧ರಲ್ಲಿ ಆ ರಾಜ್ಯದ ಗವರ್ನರ್ ಟಾಮ್ ಮಕಾಲ್ ದೂರದರ್ಶನದ ಸಂದರ್ಶನವೊಂದರಲ್ಲಿ, ನೋಡಲು ಮತ್ತೆ ಮತ್ತೆ ಬನ್ನಿರಿ, ಆದರೆ ನೆಲಸಲು ಮಾತ್ರ ಬರಬೇಡಿರಿ ಎಂಬ ಅರ್ಥದ ಮಾತನ್ನಾಡಿದನು. ಭೂಮಿಯ ಬೆಲೆಯೇರಿಕೆ, ಕಾಡಿನ ನಾಶ, ಊರಿನ ಬೆಳೆವಣಿಗೆ ಇವುಗಳ ಭಯವೇ ಅದರ ಹಿಂದಿದ್ದುದು. ಆದರೆ ಬೆಲೆಯೇರಿಕೆ ರಸ್ತೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲಿಫೋರ್ನಿಯದ ಫಲಕ ಬೀಳುತ್ತದೆ. ಚಾಲಕನ ಮೇಲಣ ದೂರು ಅನೇಕ ವೇಳೆ ವಲಸೆಯ ಮೇಲಣ ದೂರಿನ ಇನ್ನೊಂದು ರೂಪವಷ್ಟೆ.

೬

ಹಾಗಾದರೆ ಅಂಕಿಸಂಖ್ಯೆಗಳು ಏನು ಹೇಳುತ್ತವೆ? ರಸ್ತೆಯ ಅಪಾಯವನ್ನು ಅಳೆಯಲು ಅಮೆರಿಕದಲ್ಲಿ ಬಳಸುವ ಮುಖ್ಯ ಮಾನವೆಂದರೆ ಹತ್ತು ಕೋಟಿ ವಾಹನಮೈಲಿಗಳಿಗೆ ಸಂಭವಿಸಿದ ಮರಣಗಳ ಸಂಖ್ಯೆ. ೨೦೨೧ರಲ್ಲಿ ಇದು ದೇಶಕ್ಕೆಲ್ಲ ಸುಮಾರು ೧.೪ ಇದ್ದಿತು. ದಕ್ಷಿಣ ಕ್ಯಾರೊಲೈನದಲ್ಲಿ ಸುಮಾರು ೨.೧; ಅದು ಅತ್ಯಧಿಕ. ಅತ್ಯಲ್ಪವಾದದ್ದು ಸುಮಾರು ೦.೭, ಅದೂ ಯಾವ ರಾಜ್ಯದ ಚಾಲಕರಿಗಾಗಿ ನಿಘಂಟಿನಲ್ಲಿ ಬೈಗುಳವೊಂದು ಮೀಸಲಾಗಿದೆಯೋ ಆ ಮ್ಯಾಸಚೂಸೆಟ್ಸಿನಲ್ಲಿ.

ಇದನ್ನು ಕಂಡು ಮ್ಯಾಸಚೂಸೆಟ್ಸಿನವರು ಸಾಧುಗಳೆಂದು ತೀರ್ಮಾನಿಸುವುದೂ ಅಷ್ಟೇ ದೊಡ್ಡ ತಪ್ಪು. ಆಲ್‌ಸ್ಟೇಟ್ ಎಂಬ ವಿಮಾಸಂಸ್ಥೆಯು ೨೦೧೦ರ ದಶಕದಲ್ಲಿ ಪ್ರಕಟಿಸುತ್ತಿದ್ದ ವಾರ್ಷಿಕ ಪಟ್ಟಿಗಳಲ್ಲಿ, ಡಿಕ್ಕಿಗಳ ಸಂಖ್ಯೆಯ ದೃಷ್ಟಿಯಿಂದ, ಬಾಸ್ಟನ್ ಮತ್ತು ವುಸ್ಟರ್ ನಗರಗಳು ಕಟ್ಟಕಡೆಯ ಸ್ಥಾನಗಳಲ್ಲಿದ್ದವು. ಡಿಕ್ಕಿಗಳು ಹೆಚ್ಚು, ಮರಣಗಳು ಕಡಮೆ. ಇವೆರಡರಲ್ಲಿ ವಿರೋಧವಿಲ್ಲ. ದಟ್ಟವಾದ ನಗರದಲ್ಲಿ ವಾಹನಗಳು ಒಂದಕ್ಕೊಂದು ಹತ್ತಿರವಾಗಿ, ಆದರೆ ನಿಧಾನವಾಗಿ ಸಾಗುತ್ತವೆ, ತಗುಲಿದರೆ ತಗಡು ನುಗ್ಗಾಗುತ್ತದೆ, ಆಸ್ಪತ್ರೆ ಸಮೀಪದಲ್ಲಿರುತ್ತದೆ. ಗ್ರಾಮಾಂತರದ ಎರಡು ಪಂಕ್ತಿಯ ದಾರಿಯಲ್ಲಿ ಡಿಕ್ಕಿ ವಿರಳ, ಆದರೆ ವೇಗ ಹೆಚ್ಚು, ದೀಪವಿಲ್ಲ, ನೆರವು ದೂರ. ಒಂದೇ ಜನರನ್ನು ಒಂದು ಅಳತೆಗೋಲು ಕೆಟ್ಟವರೆಂದೂ ಇನ್ನೊಂದು ಉತ್ತಮರೆಂದೂ ತೋರಿಸಿದರೆ, ಎರಡೂ ಅಳೆಯುತ್ತಿರುವುದು ಜನರ ಶೀಲವನ್ನಲ್ಲವೆಂದು ತಿಳಿಯಬೇಕು.

ದಂಡಗಳ ಲೆಕ್ಕವನ್ನೂ ಎಚ್ಚರದಿಂದ ಓದಬೇಕಾಗಿದೆ. ಮ್ಯಾಸಚೂಸೆಟ್ಸಿನ ಪೊಲೀಸರು ವಿಧಿಸಿದ ವೇಗದ ದಂಡಗಳನ್ನು ಮಕೌಸ್ಕಿ ಮತ್ತು ಸ್ಟ್ರಾಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ ೨೦೦೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಊರಿನ ಮತದಾರನಲ್ಲದ ಹೊರಗಿನವನಿಗೆ ದಂಡ ಬೀಳುವ ಸಂಭವ ಹೆಚ್ಚೆಂದೂ, ಊರಿನ ಬೊಕ್ಕಸದ ಸ್ಥಿತಿಗತಿಗಳಿಗೂ ಇದಕ್ಕೂ ಸಂಬಂಧವಿದೆಯೆಂದೂ ತೋರಿಸಿದರು. ಹೊರಗಿನವರಿಗೆ ದಂಡ ಹೆಚ್ಚು ಬಿದ್ದಿತೆಂಬುದರಿಂದ ಹೊರಗಿನವರೇ ಹೆಚ್ಚು ತಪ್ಪಿತಸ್ಥರೆಂದು ಸಿದ್ಧವಾಗುವುದಿಲ್ಲ. ಪೂರ್ವಗ್ರಹವು ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಉತ್ಪತ್ತಿಮಾಡಿಕೊಳ್ಳಬಲ್ಲದು.

೭

ಕಾರಣಗಳು ಇಷ್ಟು ಸ್ಪಷ್ಟವಾಗಿದ್ದರೂ ಮನಸ್ಸು ಶೀಲವನ್ನೇ ಏಕೆ ದೂಷಿಸುತ್ತದೆ? ೧೯೨೨ರಲ್ಲಿ ವಾಲ್ಟರ್ ಲಿಪ್‌ಮನ್ ಎಂಬ ಪತ್ರಿಕಾಕರ್ತನು ಮುದ್ರಣಶಾಲೆಯ ಪರಿಭಾಷೆಯಿಂದ ‘ಪಡಿಯಚ್ಚು’ ಎಂಬ ಮಾತನ್ನು ತೆಗೆದು ಸಾರ್ವಜನಿಕ ಅಭಿಪ್ರಾಯದ ಚರ್ಚೆಗೆ ತಂದನು. ಒಮ್ಮೆ ಎರಕಹೊಯ್ದ ಫಲಕದಿಂದ ಒಂದೇ ಪುಟವನ್ನು ಎಷ್ಟು ಬಾರಿಯಾದರೂ ಅಚ್ಚುಮಾಡುವಂತೆ, ಒಮ್ಮೆ ಮನಸ್ಸಿನಲ್ಲಿ ಮೂಡಿದ ಚಿತ್ರವನ್ನು ಹೊಸ ಹೊಸ ವ್ಯಕ್ತಿಗಳ ಮೇಲೆ ಒತ್ತುತ್ತ ಹೋಗುತ್ತೇವೆ.

ಮುಂದಿನ ಮನೋವಿಜ್ಞಾನಿಗಳು ಇದರ ಕ್ರಮವನ್ನು ಇನ್ನಷ್ಟು ವಿವರಿಸಿದರು. ಪರರ ನಡತೆಗೆ ಸಂದರ್ಭವನ್ನು ಬಿಟ್ಟು ಸ್ವಭಾವವನ್ನೇ ಕಾರಣವಾಗಿ ಹೇಳುವ ಒಲವನ್ನು ಲೀ ರಾಸ್ ೧೯೭೭ರಲ್ಲಿ ಆರೋಪದ ಮೂಲದೋಷವೆಂದು ಕರೆದನು. ನಾವು ಅಡ್ಡಬಂದರೆ ಅವಸರವಿದ್ದಿತು. ಅವನು ಅಡ್ಡಬಂದರೆ ಅವನ ರಾಜ್ಯವೇ ಅಂತಹುದು. ವಿರಳವಾದ ಗುಂಪೂ ವಿರಳವಾದ ಕೆಟ್ಟ ನಡತೆಯೂ ಒಟ್ಟಿಗೆ ಕಂಡಾಗ ಅವೆರಡಕ್ಕೂ ಇಲ್ಲದ ಸಂಬಂಧವೊಂದನ್ನು ಮನಸ್ಸು ಕಲ್ಪಿಸುತ್ತದೆಂದು ಹ್ಯಾಮಿಲ್ಟನ್ ಮತ್ತು ಗಿಫರ್ಡ್ ೧೯೭೬ರಲ್ಲಿ ತೋರಿಸಿದರು. ಹೆದ್ದಾರಿಗೆ ಅನ್ವಯಿಸಿ ನೋಡುವುದಾದರೆ, ದಿನವೊಂದರಲ್ಲಿ ಸ್ವರಾಜ್ಯದ ಹತ್ತು ಮಂದಿ ಒರಟಾಗಿ ನಡೆದುಕೊಂಡರೂ ಅವರು ಹತ್ತು ಬಿಡಿ ವ್ಯಕ್ತಿಗಳು. ಪರರಾಜ್ಯದವನು ಒಬ್ಬನೇ ಆದರೂ ಒಂದು ಜನಾಂಗ. ಓಲಾ ಸ್ವೆನ್ಸನ್ನನು ೧೯೮೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೯೩ ಮಂದಿ ತಮ್ಮ ಚಾಲನ ಕೌಶಲವು ಗುಂಪಿನ ಉತ್ತಮಾರ್ಧಕ್ಕೆ ಸೇರಿದುದೆಂದು ಹೇಳಿಕೊಂಡರು; ಸ್ವೀಡನ್ನಿನವರಲ್ಲಿ ೬೯ ಮಂದಿ. ಅರ್ಧದೊಳಗೆ ನೂರಕ್ಕೆ ೯೩ ಜನ ಹಿಡಿಸಲಾರರು. ಎಲ್ಲರೂ ಉತ್ತಮರಾದ ಮೇಲೆ ಅಧಮರನ್ನು ಗಡಿಯಾಚೆಯೇ ಹುಡುಕಬೇಕಾಗುತ್ತದೆ.

೮

ಇಷ್ಟು ಮಟ್ಟಿಗೆ ಈ ವಿಷಯವನ್ನು ವಿನೋದವೆಂದು ಬಿಡಬಹುದಾಗಿತ್ತು. ಆದರೆ ಇದೇ ತರ್ಕವನ್ನು ಆಳುವವರು ಕೈಗೆತ್ತಿಕೊಂಡ ಪ್ರಸಂಗಗಳೂ ಉಂಟು.

೧೯೩೦ರ ದಶಕದ ಬರಗಾಲದಲ್ಲಿ ಒಕ್ಲಹೋಮ, ಟೆಕ್ಸಾಸ್, ಅರ್ಕನ್ಸಾ, ಮಿಸೌರಿಗಳಿಂದ ಒಕ್ಕಲೆದ್ದ ಕುಟುಂಬಗಳು ಹಳೆಯ ಕಾರುಗಳಲ್ಲಿ ಮನೆಯ ಸಾಮಾನನ್ನು ಹೇರಿಕೊಂಡು ಕ್ಯಾಲಿಫೋರ್ನಿಯದ ಕಡೆಗೆ ಹೊರಟವು. ಅವರು ಯಾವ ರಾಜ್ಯದವರಾದರೂ ಅಲ್ಲಿನವರ ಬಾಯಲ್ಲಿ ಎಲ್ಲರೂ ‘ಓಕಿ’ಗಳೇ. ೧೯೩೬ರ ಫೆಬ್ರುವರಿಯಲ್ಲಿ ಲಾಸ್ ಏಂಜಲ್ಸ್ ನಗರದ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್, ನಗರದಿಂದ ನೂರಾರು ಮೈಲಿ ದೂರದ ರಾಜ್ಯದ ಗಡಿಗಳಿಗೆ ೧೩೬ ಪೊಲೀಸರನ್ನು ಕಳುಹಿಸಿ, ಕೈಯಲ್ಲಿ ಕಾಸಿಲ್ಲದವರೆಂದು ತೋರಿದವರನ್ನು ಹಿಂದಕ್ಕೆ ಅಟ್ಟಿಸಿದನು. ಕೆಲವು ವಾರಗಳ ಅನಂತರ ಈ ಕಾವಲು ನಿಂತಿತಾದರೂ, ನಿರ್ಗತಿಕನನ್ನು ರಾಜ್ಯದೊಳಕ್ಕೆ ಕರೆತರುವುದು ಅಪರಾಧವೆಂಬ ಶಾಸನ ಉಳಿದಿತ್ತು. ಟೆಕ್ಸಾಸಿನಿಂದ ತನ್ನ ಹೆಂಡತಿಯ ತಮ್ಮನನ್ನು ಕಾರಿನಲ್ಲಿ ಕರೆತಂದ ಎಡ್ವರ್ಡ್ಸ್ ಎಂಬಾತನು ಅದರಂತೆ ಶಿಕ್ಷಿತನಾದನು. ೧೯೪೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ರದ್ದುಮಾಡಿತು.

೨೦೧೧ರಲ್ಲಿ ಕಾನ್ಸಾಸಿನ ಹೆದ್ದಾರಿ ಪೊಲೀಸರು ಕೊಲರಾಡೊ ರಾಜ್ಯದ ಚಾಲಕನೊಬ್ಬನನ್ನು ತಡೆದು, ಅವನ ಕಾರನ್ನು ಶೋಧಿಸಿ ಏನನ್ನೂ ಕಾಣದೆ ಬಿಟ್ಟರು. ಗಾಂಜಾವಿನ ವೈದ್ಯಕೀಯ ಬಳಕೆಗೆ ಅವಕಾಶವಿದ್ದ ರಾಜ್ಯದಿಂದ ಅವನು ಬಂದಿದ್ದನೆಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ೨೦೧೬ರಲ್ಲಿ ಹತ್ತನೆಯ ಪ್ರಾಂತದ ಮೇಲ್ಮನವಿ ನ್ಯಾಯಾಲಯವು ಈ ತರ್ಕವನ್ನು ತಿರಸ್ಕರಿಸಿ, ಇದನ್ನು ಒಪ್ಪಿದರೆ ಅಂತಹ ಇಪ್ಪತ್ತೈದು ರಾಜ್ಯಗಳ ಪ್ರಜೆಗಳೆಲ್ಲರೂ ಶೋಧನೆಗೆ ಒಳಗಾಗಬೇಕಾಗುತ್ತದೆಂದು ಎಚ್ಚರಿಸಿತು.

೨೦೨೦ರ ಮಾರ್ಚಿಯಲ್ಲಿ, ಕೋವಿಡ್ ಸಾಂಕ್ರಾಮಿಕದ ಆರಂಭದಲ್ಲಿ, ರೋಡ್ ಐಲೆಂಡ್ ರಾಜ್ಯದ ಗವರ್ನರ್ ಜೀನಾ ರೈಮಾಂಡೊ ನ್ಯೂಯಾರ್ಕಿನ ಫಲಕವಿದ್ದ ವಾಹನಗಳನ್ನು ತಡೆದು ವಿಚಾರಿಸಲು ಆಜ್ಞೆಮಾಡಿದರು. ನ್ಯೂಯಾರ್ಕಿನ ಗವರ್ನರ್ ನ್ಯಾಯಾಲಯಕ್ಕೆ ಹೋಗುವುದಾಗಿ ಹೇಳಲು, ಎರಡು ಮೂರು ದಿನಗಳಲ್ಲಿ ಆ ಆಜ್ಞೆ ಹೋಗಿ, ಹೊರರಾಜ್ಯಗಳಿಂದ ಬರುವವರೆಲ್ಲರಿಗೂ ಅನ್ವಯಿಸುವ ನಿಯಮ ಬಂದಿತು. ಅಂದು ನ್ಯೂಯಾರ್ಕಿನಲ್ಲಿ ರೋಗ ತೀವ್ರವಾಗಿದ್ದುದು ನಿಜ. ಆಳುವವರ ಆತಂಕ ಸುಳ್ಳಲ್ಲ. ಆದರೆ ತಿಂಗಳುಗಟ್ಟಲೆ ಊರು ಬಿಡದವನ ಕಾರಿಗೂ ಅಂದೇ ಬಂದವನ ಕಾರಿಗೂ ಫಲಕ 똑같ವಾಗಿರುವಾಗ, ರೋಗವನ್ನು ಫಲಕದಿಂದ ಗುರುತಿಸುವುದು ಸಾಧ್ಯವಿರಲಿಲ್ಲ.

೯

ಈ ಮೂರು ಪ್ರಸಂಗಗಳಲ್ಲಿಯೂ ನಡೆದುದು ಒಂದೇ. ಸಮೂಹದ ವಿಷಯದಲ್ಲಿ ಭಾಗಶಃ ನಿಜವಾಗಿರಬಹುದಾದ ಒಂದು ಮಾತನ್ನು ಕಾರಿನೊಳಗಿದ್ದ ವ್ಯಕ್ತಿಯ ಮೇಲೆ ಪ್ರಮಾಣವಾಗಿ ಹೂಡಲಾಯಿತು. ಹೆದ್ದಾರಿಯಲ್ಲಿ ಬೈಯುವ ಸಾಮಾನ್ಯನು ಮಾಡುವುದೂ ಅದನ್ನೇ. ಅವನ ಕೈಯಲ್ಲಿ ಅಧಿಕಾರವಿಲ್ಲವೆಂಬುದೊಂದೇ ವ್ಯತ್ಯಾಸ.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನೆರೆಯವರನ್ನು ಕುರಿತ ಆಡುಮಾತು ಆಧಾರವೇ ಹೌದು, ಆದರೆ ಅದು ಮುಖ್ಯವಾಗಿ ಆಡಿದವರ ವಿಷಯಕ್ಕೆ ಆಧಾರ. ವಿಸ್ಕಾನ್ಸಿನ್ನಿನ ಬೈಗುಳದಿಂದ ಷಿಕಾಗೋದವರ ಸ್ವಭಾವ ತಿಳಿಯದು. ವಿಸ್ಕಾನ್ಸಿನ್ನಿನ ಸರೋವರತೀರಗಳಲ್ಲಿ ಬೇಸಗೆಯ ಶುಕ್ರವಾರ ಸಂಜೆ ಏನು ನಡೆಯುತ್ತದೆಂಬುದು ತಿಳಿಯುತ್ತದೆ. ಒರೆಗಾನಿನ ದೂರಿನಿಂದ ಕ್ಯಾಲಿಫೋರ್ನಿಯದವರ ಚಾಲನೆ ತಿಳಿಯದು. ಒರೆಗಾನಿನವರು ಏನನ್ನು ಕಳೆದುಕೊಳ್ಳುವೆವೆಂದು ಅಂಜಿದ್ದರೋ ಅದು ತಿಳಿಯುತ್ತದೆ. ಹಳೆಯ ಕಾಲದ ಆಕರಗಳಲ್ಲಿ ಒಂದು ನಾಡಿನವರು ಕಳ್ಳರೆಂದೋ ಇನ್ನೊಂದು ನಾಡಿನವರು ಹೇಡಿಗಳೆಂದೋ ಬರೆದಿರುವುದನ್ನು ಓದುವಾಗಲೂ ವಿದ್ಯಾರ್ಥಿಗಳು ಇದೇ ಕ್ರಮವನ್ನು ಅನುಸರಿಸಬಹುದು: ಬರೆದವನು ಯಾರು, ಅವನು ಅವರನ್ನು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಕಂಡನು, ಅವರಲ್ಲಿ ಎಷ್ಟು ಮಂದಿಯನ್ನು ಕಂಡನು, ಆಗ ಅವರನ್ನು ಆಳುತ್ತಿದ್ದ ಕಟ್ಟಳೆ ಯಾವುದು ಎಂಬುದನ್ನು ಮೊದಲು ವಿಚಾರಿಸಬೇಕು. ಇವಕ್ಕೆ ಉತ್ತರ ದೊರೆತ ಮೇಲೆ ಜನಾಂಗದ ಶೀಲವೆಂದು ಹೇಳಲು ಉಳಿಯುವ ಭಾಗ ಸಾಮಾನ್ಯವಾಗಿ ಅತ್ಯಲ್ಪವಾಗಿರುತ್ತದೆ.